ಒಡೆದವರೇ ಕಟ್ಟಿದ ಏರಿ

ಬಿಳಿಗಲ್ಲಿನ ಕೋಟೆ ಬಿದ್ದ ಮೇಲೆ ನೇರಳಕೋಟೆಯ ರಾಣಿ ಪದ್ಮಲೆ ನೇರವಾಗಿ ಅರಮನೆಗೆ ಹೋಗಲಿಲ್ಲ. ಹೊಳೆ ದಂಡೆಯಲ್ಲಿದ್ದ ತನ್ನ ಗುರು ರೇವಯ್ಯನವರ ಆಶ್ರಮಕ್ಕೆ ಬಂದಳು.

ಎರಡು ನಾಡುಗಳ ನಡುವೆ ಇದ್ದದ್ದು ಆ ಹೊಳೆಯೊಂದೇ. ಈಚೆ ದಡ ನೇರಳಕೋಟೆ, ಆಚೆ ದಡ ಬಿಳಿಗಲ್ಲು. ಜಗಳ ಶುರುವಾದದ್ದು ಹೇಗೆಂದು ಕೇಳಿದರೆ ಎರಡು ದಡದಲ್ಲೂ ಬೇರೆ ಬೇರೆ ಕಥೆ ಹೇಳುತ್ತಿದ್ದರು.

ರೇವಯ್ಯನವರು ಅಂಗಳದಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಪದ್ಮಲೆ ಕುದುರೆಯಿಂದ ಇಳಿದು, ಕತ್ತಿ ಬಿಚ್ಚಿಟ್ಟು, ಅವರ ಪಾದ ಮುಟ್ಟಿದಳು.

"ಗೆದ್ದೆವು ಗುರುಗಳೇ."

"ಗೊತ್ತಾಯಿತು. ನಗಾರಿ ಸದ್ದು ಇಲ್ಲಿಗೂ ಕೇಳಿಸಿತು."

"ನಿಮಗೆ ಸಂತೋಷವಾಗಲಿಲ್ಲವೇ?"

"ಯಾಕಾಗಲಿಲ್ಲ? ನೀನು ಬದುಕಿ ಬಂದೆ. ನಮ್ಮ ಊರು ಉಳಿಯಿತು. ಹೊಳೆ ದಾಟಿ ಬಂದವರು ಅವರು. ತಡೆದು ನಿಲ್ಲಿಸಿದವಳು ನೀನು. ಹೆಮ್ಮೆಪಡು, ಕೂತುಕೋ."

ಪದ್ಮಲೆ ಕೂತಳು. ಆ ಯುದ್ಧದಲ್ಲಿ ಅವಳ ಒಬ್ಬನೇ ಅಣ್ಣ ಸತ್ತಿದ್ದ. ಆದರೂ ಅವಳ ಬೆನ್ನು ನೆಟ್ಟಗಿತ್ತು, ಕಣ್ಣಲ್ಲಿ ಬೆಳಕಿತ್ತು.

"ಇನ್ನೊಂದು ಕೆಲಸ ಬಾಕಿ ಇದೆ ಗುರುಗಳೇ. ಅದಕ್ಕೆ ನಿಮ್ಮ ಆಶೀರ್ವಾದ ಬೇಕು."

"ಏನು ಕೆಲಸ?"

"ಬಿಳಿಗಲ್ಲಿನ ಕೆರೆ. ಮುತ್ತಿಗೆ ಹಾಕಿದಾಗ ಅದರ ಏರಿಯನ್ನು ಒಂದು ಕಡೆ ಒಡೆಸಿದೆವು. ನೀರೆಲ್ಲ ಹರಿದುಹೋಯಿತು. ಕೋಟೆಯವರು ಬಾಯಾರಿ, ಬಾಗಿಲು ತೆರೆದು ಮೇಲೆ ಬಿದ್ದರು. ಈಗ ಉಳಿದ ಏರಿಯನ್ನೂ ನೆಲಸಮ ಮಾಡಬೇಕೆಂದು ಪಾಳೆಯದಲ್ಲೇ ಕೂಡಿದ ಸಭೆ ತೀರ್ಮಾನಿಸಿದೆ. ಕೆರೆ ಹೋದರೆ ಗದ್ದೆ ಹೋಯಿತು, ಗದ್ದೆ ಹೋದರೆ ಊರು ಹೋಯಿತು. ಅವರು ಮತ್ತೆಂದೂ ತಲೆ ಎತ್ತುವುದಿಲ್ಲ."

"ಆಶೀರ್ವಾದ ಎಂದರೆ ನಾನೇನು ಮಾಡಬೇಕು?"

"ಮೊದಲ ಗುದ್ದಲಿ ನಿಮ್ಮ ಕೈಯಿಂದ ಬೀಳಬೇಕು."

ರೇವಯ್ಯನವರು ಹುರುಳಿಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು. ಮೂಲೆಯಲ್ಲಿದ್ದ ಗುದ್ದಲಿ ಹೆಗಲಿಗೆ ಹಾಕಿಕೊಂಡರು.

"ನಡೆ. ಎಲ್ಲಿ ಹಾಕಬೇಕೋ ಹೋಗಿ ನೋಡೋಣ."

*

ಇಬ್ಬರೂ ದೋಣಿಯಲ್ಲಿ ಹೊಳೆ ದಾಟಿದರು. ಕಾವಲಿನವರನ್ನು ಪದ್ಮಲೆ ದಡದಲ್ಲೇ ನಿಲ್ಲಿಸಿದಳು.

ಬಿಳಿಗಲ್ಲಿನ ಬೀದಿಗಳಲ್ಲಿ ಗಂಡಸರು ಕಮ್ಮಿ. ಸುಟ್ಟ ತೊಲೆಗಳ ವಾಸನೆ ಇನ್ನೂ ಹೋಗಿರಲಿಲ್ಲ. ರಾಣಿಯನ್ನು ಕಂಡವರು ಬಾಗಿಲು ಹಾಕಿಕೊಂಡರು.

ಒಂದು ಮನೆಯ ಜಗಲಿಯ ಮೇಲೆ ಒಬ್ಬಳು ಹುಡುಗಿ ಮಾತ್ರ ಕೂತಲ್ಲೇ ಕೂತಿದ್ದಳು. ಕೆದರಿದ ಕೂದಲು, ಮುಖದ ಮೇಲೆ ಮಸಿ. ಅವಳು ಏಳಲಿಲ್ಲ, ಕಣ್ಣನ್ನೂ ಕೆಳಗಿಳಿಸಲಿಲ್ಲ.

ರೇವಯ್ಯನವರು ಅವಳ ಪಕ್ಕದಲ್ಲೇ ಜಗಲಿಯ ಮೇಲೆ ಕೂತರು.

"ನಿನ್ನ ಹೆಸರೇನವ್ವ?"

"ದುಗ್ಗಿ."

"ಅಪ್ಪ ಎಲ್ಲಿ?"

"ಕೋಟೆ ಬಾಗಿಲಲ್ಲಿ ಸತ್ತ."

"ಮನೆಯಲ್ಲಿ ಯಾರಿದ್ದಾರೆ?"

"ನಮ್ಮ ತಾತ. ಕೆರೆ ನೋಡಿಕೊಳ್ಳುವ ನೀರಗಂಟಿ. ಈಗ ನೋಡಿಕೊಳ್ಳೋಕೆ ಕೆರೆ ಇಲ್ಲ."

"ದೊಡ್ಡವಳಾದ ಮೇಲೆ ಏನು ಮಾಡುತ್ತೀ?"

ಹುಡುಗಿ ಪದ್ಮಲೆಯ ಮುಖವನ್ನೇ ನೋಡುತ್ತ ಹೇಳಿದಳು. "ಹೊಳೆ ದಾಟ್ತೀನಿ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಪದ್ಮಲೆ ಬೀದಿಯ ನಡುವೆ ಹಾಗೇ ನಿಂತುಬಿಟ್ಟಳು.

"ಪದ್ಮಲೆ, ಮೊದಲ ಸಲ ನಿನ್ನನ್ನು ಆಶ್ರಮಕ್ಕೆ ಕರೆತಂದಾಗ ನೀನು ಇಷ್ಟೇ ಇದ್ದೆ. ನಿನ್ನ ಮುಖದ ಮೇಲೂ ಮಸಿ ಇತ್ತು."

"ನನ್ನ ತಾಯಿ ಮನೆಯೊಳಗೇ ಸುಟ್ಟುಹೋಗಿದ್ದಳು. ಬಿಳಿಗಲ್ಲಿನವರು ಹಚ್ಚಿದ ಬೆಂಕಿ."

"ನಾನು ಹಾಲು ಕೊಟ್ಟೆ. ನೀನು ಕುಡಿಯಲಿಲ್ಲ. ಏನು ಹೇಳಿದೆ, ನೆನಪಿದೆಯೇ?"

ಪದ್ಮಲೆ ದುಗ್ಗಿ ಒಳಗೆ ಹೋದ ಬಾಗಿಲ ಕಡೆ ನೋಡಿದಳು. ನೆನಪಿತ್ತು.

"ನಿನ್ನನ್ನು ಬೆಳೆಸಿದವರು ಯಾರು?"

"ನೀವು."

"ನಾನು ಅಕ್ಷರ ಕಲಿಸಿದೆ. ಕೋಳಿ ಕೂಗುವ ಮೊದಲೇ ನಿನ್ನನ್ನು ಎಬ್ಬಿಸುತ್ತಿದ್ದವರು ಯಾರು? ಬೆರಳು ಒಡೆದು ರಕ್ತ ಬಂದರೂ ಬಿಲ್ಲು ಕೆಳಗಿಡಬೇಡ ಎನ್ನುತ್ತಿದ್ದವರು ಯಾರು?"

ಪದ್ಮಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. "ಬಿಳಿಗಲ್ಲಿನ ದೊರೆ. ಅವನ ಮೇಲಿನ ಸಿಟ್ಟು."

"ಅವನನ್ನು ಹಾಗೆ ಬೆಳೆಸಿದವರು?"

"ನನ್ನ ಅಜ್ಜ. ಇವರ ಊರನ್ನು ಅವನು ಎರಡು ಸಲ ಸುಟ್ಟಿದ್ದ."

"ಒಳ್ಳೆಯ ಗುರುಗಳು. ಅವರು ಕಲಿಸಿದ್ದನ್ನು ಶಿಷ್ಯರು ಒಂದಕ್ಷರವೂ ಮರೆಯಲಿಲ್ಲ." ರೇವಯ್ಯನವರು ಎದ್ದು ಅಂಗವಸ್ತ್ರ ಕೊಡವಿದರು. "ಈ ದುಗ್ಗಿಗೆ ಗುರು ಯಾರು?"

ಅವರು ಹೆಗಲ ಮೇಲಿದ್ದ ಗುದ್ದಲಿ ತೆಗೆದು ಅವಳ ಕೈಗೆ ಕೊಟ್ಟರು.

"ಎಲ್ಲಿ ಹಾಕಬೇಕೆಂದು ನೀನೇ ಹೇಳು. ನಾನು ದೋಣಿಯ ಹತ್ತಿರ ಇರುತ್ತೇನೆ."

*

ಪದ್ಮಲೆ ಮರುದಿನ ಸಭೆ ಕರೆದಳು. ಏರಿ ಕೆಡವುವುದಿಲ್ಲ ಎಂದಳು. ಅಷ್ಟೇ ಅಲ್ಲ, ನಾವು ಒಡೆದ ಜಾಗವನ್ನು ನಾವೇ ಕಟ್ಟಿಕೊಡುತ್ತೇವೆ ಎಂದಳು.

ದಂಡನಾಯಕ ಬಲ್ಲುಗ ಎದ್ದು ನಿಂತ. ಕೋಟೆಯ ಬಾಗಿಲನ್ನು ಮೊದಲು ದಾಟಿದವನು ಅವನು. ಅವನ ಮಗನ ಹೆಣ ಬಿದ್ದದ್ದೂ ಅದೇ ಬಾಗಿಲಲ್ಲಿ.

"ತಾಯಿ, ಇದು ಗೆದ್ದವರ ಮಾತೋ ಸೋತವರ ಮಾತೋ?"

"ಗೆದ್ದವರದೇ ಬಲ್ಲುಗಣ್ಣ. ಸೋತವರಿಗೆ ಈ ಮಾತು ಆಡುವುದಕ್ಕಾಗುವುದಿಲ್ಲ."

"ನನ್ನ ಮಗ ಮಾಚ ಮಣ್ಣಾಗಿದ್ದಾನೆ. ಅವನನ್ನು ಕೊಂದವರಿಗೆ ನಾನು ಮಣ್ಣು ಹೊರಬೇಕೇ? ಮೇಲೆ ಹೋಗಿ ಅವನಿಗೆ ಏನು ಹೇಳಲಿ?"

"ನನ್ನ ಅಣ್ಣನಿಗೆ ನಾನೂ ಉತ್ತರ ಹೇಳಬೇಕು." ಪದ್ಮಲೆ ಸಿಂಹಾಸನದಿಂದ ಇಳಿದು ಅವನ ಎದುರು ಬಂದು ನಿಂತಳು. "ಮಾಚನ ಮಗ ಎಷ್ಟು ದೊಡ್ಡವನಾದ?"

ಬಲ್ಲುಗನ ದನಿ ಕುಗ್ಗಿತು. "ಇನ್ನೂ ತೊಟ್ಟಿಲಲ್ಲಿದ್ದಾನೆ."

"ಬಿಳಿಗಲ್ಲಿನಲ್ಲಿ ಒಬ್ಬಳು ಹುಡುಗಿಯನ್ನು ನೋಡಿದೆ. ಅವಳಪ್ಪ ಸತ್ತದ್ದೂ ಅದೇ ಬಾಗಿಲಲ್ಲಿ. ಅವಳೂ ನಿನ್ನ ಮೊಮ್ಮಗನೂ ನಾಳೆ ದೊಡ್ಡವರಾಗುತ್ತಾರೆ. ಅವನ ಕೈಗೆ ಕತ್ತಿ ಕೊಡುವವನು ನೀನೇ ಆಗಬೇಕೇ?"

ಬಲ್ಲುಗ ನಮಸ್ಕಾರ ಕೂಡ ಮಾಡದೆ ಹೊರಗೆ ಹೋದ. ಪದ್ಮಲೆ ಅವನನ್ನು ಕರೆಯಲಿಲ್ಲ.

*

ಮೊದಲು ಧಾನ್ಯ ಹೋಯಿತು. ಬಿಳಿಗಲ್ಲಿನಲ್ಲಿ ಉಣ್ಣುವುದಕ್ಕೆ ಏನೂ ಇರಲಿಲ್ಲ.

ಪದ್ಮಲೆ ಬಂಡಿಗಳಿಗೆ ರಾಗಿ ತುಂಬಿಸಿ, ಎತ್ತುಗಳ ಕೋಡಿಗೆ ಬಣ್ಣ ಬಳಿಸಿ, ಮುಂದೆ ಕಹಳೆ, ಹಿಂದೆ ನಗಾರಿ ಇಟ್ಟು ಕಳಿಸಿದಳು. ಊರ ಬಾಗಿಲಲ್ಲಿ ನಿಂತು ಸಾರುವವನು ಕೂಗಿದ. "ವಿಜಯಿಯಾದ ಪದ್ಮಲೆ ಮಹಾರಾಣಿಯವರು ದಯೆಯಿಂದ ಕೊಟ್ಟ ಅನ್ನ!"

ಸಂಜೆಯ ಹೊತ್ತಿಗೆ ಬಂಡಿಗಳು ಹಾಗೇ ಹಿಂದಿರುಗಿದವು. ಒಂದು ಮೂಟೆಯ ಕಟ್ಟನ್ನೂ ಯಾರೂ ಬಿಚ್ಚಿರಲಿಲ್ಲ.

ಪದ್ಮಲೆ ಸಿಟ್ಟಿನಿಂದ ಕೆಂಪಾಗಿ ಆಶ್ರಮಕ್ಕೆ ಬಂದಳು.

"ನೋಡಿದಿರಾ ಗುರುಗಳೇ? ಹಸಿವಿನಿಂದ ಸಾಯುತ್ತಿದ್ದಾರೆ, ಸೊಕ್ಕು ಮಾತ್ರ ಇಳಿದಿಲ್ಲ. ಕೊಟ್ಟ ಅನ್ನವನ್ನು ಹಿಂದಕ್ಕೆ ಕಳಿಸಿದರು. ಇಂಥವರಿಗೆ ಏರಿ ಕಟ್ಟಿಕೊಡಬೇಕೇ?"

"ದಾರಿ ನಡೆದು ಬಂದಿದ್ದೀಯ. ಮೊದಲು ಊಟ ಮಾಡು."

ಎಲೆ ಹಾಕಿದರು. ಬಿಸಿ ಮುದ್ದೆ, ಹುರುಳಿ ಸಾರು. ಅವಳು ಮೊದಲ ತುತ್ತು ಮುರಿದು ಬಾಯಿಗೆ ಇಡುತ್ತಿದ್ದಂತೆ ರೇವಯ್ಯನವರು ಗೋಡೆಯ ಮೇಲಿದ್ದ ಜಾಗಟೆ ತೆಗೆದು ಢಣ್ ಎಂದು ಬಾರಿಸಿದರು.

"ಕೇಳಿರಪ್ಪಾ ಕೇಳಿ! ನೇರಳಕೋಟೆಯ ರಾಣಿ ನಮ್ಮ ಆಶ್ರಮದ ಅನ್ನ ಉಣ್ಣುತ್ತಿದ್ದಾಳೆ!"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು.

ಪದ್ಮಲೆ ಗುರುವಿನ ತಮಾಷೆ ಎಂದುಕೊಂಡು ಎರಡನೆಯ ತುತ್ತು ತೆಗೆದುಕೊಂಡಳು.

ಢಣ್! "ಇನ್ನೊಂದು ತುತ್ತು ತಿಂದಳು! ರೇವಯ್ಯ ದಯೆಯಿಂದ ಕೊಟ್ಟ ಮುದ್ದೆ!"

ದನ ಮೇಯಿಸುತ್ತಿದ್ದವರು ಬೇಲಿಯ ಹತ್ತಿರ ಬಂದು ನಿಂತರು. ಯಾರೋ ನಕ್ಕರು.

ಪದ್ಮಲೆ ಎಲೆಯನ್ನು ದೂಡಿ ಎದ್ದಳು. "ಸಾಕು ಗುರುಗಳೇ. ನನಗೆ ಈ ಊಟ ಬೇಡ."

ರೇವಯ್ಯನವರು ಜಾಗಟೆ ಕೆಳಗಿಟ್ಟರು. "ಯಾಕಮ್ಮ? ಉಪ್ಪು ಕಡಿಮೆಯಾಯಿತೇ?"

ಬೇಲಿಯ ಆಚೆ ನಿಂತಿದ್ದವರು ಮೆಲ್ಲಗೆ ಚದುರಿದರು. ಅವಳು ಮತ್ತೆ ಕೂತು, ಎಲೆಯನ್ನು ಎದುರಿಗೆ ಎಳೆದುಕೊಂಡಳು. ಈ ಸಲ ರೇವಯ್ಯನವರು ಒಂದು ಮಾತೂ ಆಡದೆ ಸಾರು ಬಡಿಸಿದರು.

ಕೈ ತೊಳೆಯುವಾಗ ಅವಳು ಕೇಳಿದಳು. "ಹಾಗಾದರೆ ನಾನು ಹೇಗೆ ಕೊಡಬೇಕು?"

"ಕೊಡುವುದನ್ನು ಆಮೇಲೆ ನೋಡೋಣ. ಮೊದಲು ಅವರಿಂದ ಏನಾದರೂ ಕೇಳಿ ತಗೋ."

"ಅವರ ಹತ್ತಿರ ಏನಿದೆ?"

"ಅದನ್ನೂ ಅವರನ್ನೇ ಕೇಳು."

*

ಪದ್ಮಲೆ ಒಬ್ಬಳೇ ದೋಣಿ ಹತ್ತಲು ಹೋದಾಗ ದಡದಲ್ಲಿ ಬಲ್ಲುಗ ನಿಂತಿದ್ದ. ಅವನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ನಿಮ್ಮ ಮಾತು ನಾನು ಒಪ್ಪಿಲ್ಲ ತಾಯಿ. ಆದರೆ ನಿಮ್ಮನ್ನು ಆ ಊರಿಗೆ ಒಂಟಿಯಾಗಿ ಕಳಿಸುವಷ್ಟು ಕೆಟ್ಟವನೂ ಅಲ್ಲ." ಹಾಗೆಂದು ದೋಣಿ ಹತ್ತಿದ.

ದುಗ್ಗಿಯ ತಾತ, ನೀರಗಂಟಿ ಓಬಯ್ಯ, ಒಡೆದ ಏರಿಯ ಮೇಲೆ ಕೂತಿದ್ದ. ಕೆಳಗೆ ಬರಿದಾದ ಕೆರೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವನು ರಾಣಿಗೆ ಕೈ ಮುಗಿಯಲಿಲ್ಲ.

"ಓಬಯ್ಯ, ಒಂದು ಮಾತು ಕೇಳಲು ಬಂದಿದ್ದೇನೆ."

"ಕೇಳಿ."

"ಇಷ್ಟು ದೊಡ್ಡ ಏರಿಯನ್ನು ಹೇಗೆ ಕಟ್ಟಬೇಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆ ಇರುವುದೆಲ್ಲ ಬಾವಿ. ನೀವು ಹೇಳಿಕೊಡಬೇಕು. ನಮ್ಮ ಜನ ಮಾಡುತ್ತಾರೆ."

ಓಬಯ್ಯ ತಲೆಯೆತ್ತಿದ. "ಇದನ್ನು ಒಡೆದವರು ಯಾರು?"

"ನಾವು."

"ಮತ್ತೆ ಕಟ್ಟುವುದು ಯಾಕೆ? ನಮ್ಮ ಮೇಲೆ ಕನಿಕರವೋ?"

ಬಲ್ಲುಗ ಹಲ್ಲು ಕಚ್ಚಿದ. ಪದ್ಮಲೆ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿದಳು.

"ಕನಿಕರವಲ್ಲ. ನಾನು ನೇರಳಕೋಟೆಯವಳು. ನಮ್ಮ ಊರಿನವರಿಗೆ ಒಡೆಯುವುದೊಂದೇ ಗೊತ್ತು ಎಂದು ನಾಳೆ ಯಾರೂ ಹೇಳಬಾರದು. ನಿಮ್ಮ ಕೋಟೆಯನ್ನು ಗೆದ್ದೆವು. ಯಾವ ಕಳ್ಳರ ದಂಡು ಬೇಕಾದರೂ ಒಂದು ಊರನ್ನು ಹಾಳುಮಾಡಬಹುದು. ನಾವು ಕಳ್ಳರ ದಂಡಲ್ಲ."

ಓಬಯ್ಯ ಪಕ್ಕದಲ್ಲಿದ್ದ ಊರುಗೋಲನ್ನು ಕೈಗೆ ತೆಗೆದುಕೊಂಡ.

"ಕನಿಕರ ಎಂದಿದ್ದರೆ ಹಿಂದಕ್ಕೆ ಕಳಿಸುತ್ತಿದ್ದೆ," ಎಂದ. "ಸೊಕ್ಕಿನಿಂದ ಬಂದಿದ್ದೀರಿ. ಸೊಕ್ಕು ನನಗೆ ಅರ್ಥವಾಗುತ್ತದೆ."

ಅವನು ಮೊಣಕಾಲು ಹಿಡಿದುಕೊಂಡು ಎದ್ದ.

"ಮುಂಗಾರಿಗೆ ಮೊದಲು ಮುಗಿಯಬೇಕು. ಬಡಗಣ ಕಡೆಯಿಂದ ನಮ್ಮವರು ಕಟ್ಟುತ್ತಾರೆ. ತೆಂಕಣ ಕಡೆಯಿಂದ ನಿಮ್ಮವರು. ಒಡೆದ ಜಾಗದ ನಡುವೆ ಬಂದು ಸೇರೋಣ. ಏರಿಯ ಮೇಲೆ ನಾನು ಹೇಳಿದ್ದೇ ಮಾತು. ಅಲ್ಲಿ ರಾಣಿಯಿಲ್ಲ, ದಂಡನಾಯಕನಿಲ್ಲ."

"ಆಗಲಿ," ಎಂದಳು ಪದ್ಮಲೆ. "ಕೆಲಸ ಮಾಡುವವರು ಉಣ್ಣಬೇಕಲ್ಲ. ಎರಡೂ ಕಡೆಯವರಿಗೆ ಒಂದೇ ಒಲೆಯಲ್ಲಿ ಅಡುಗೆಯಾಗಲಿ. ರಾಗಿ ನಮ್ಮದು, ಸೌದೆ ನಿಮ್ಮದು."

ಓಬಯ್ಯ ಒಪ್ಪಿದ. ಮರುದಿನ ಬಂಡಿಗಳು ಮತ್ತೆ ಹೋದವು. ಮುಂದೆ ಕಹಳೆಯಿರಲಿಲ್ಲ, ಹಿಂದೆ ನಗಾರಿಯಿರಲಿಲ್ಲ.

*

ಕೆಲಸ ಶುರುವಾಯಿತು. ರೇವಯ್ಯನವರೂ ಬಂದು ಕೆರೆಯ ಪಕ್ಕದ ಹೊಂಗೆ ಮರದ ಕೆಳಗೆ ಕೂತರು. ಬುಟ್ಟಿ ಹರಿದರೆ ಹೆಣೆದು ಕೊಡುತ್ತಿದ್ದರು.

ನೇರಳಕೋಟೆಯ ಸೈನಿಕರು ಯುದ್ಧದ ಹುರುಪಿನಲ್ಲೇ ಮಣ್ಣು ತಂದು ಸುರಿದರು. ಬಲ್ಲುಗ ದೂರ ನಿಂತು ಆಜ್ಞೆ ಕೊಡುತ್ತಿದ್ದ. ನೋಡುತ್ತಿದ್ದಂತೆಯೇ ಅವರ ಕಡೆಯ ಗುಡ್ಡೆ ಆಳೆತ್ತರ ಏರಿತು. ಬಿಳಿಗಲ್ಲಿನವರದು ಇನ್ನೂ ಮೊಣಕಾಲೆತ್ತರ ಇತ್ತು. ಸೈನಿಕರು ಕೇಕೆ ಹಾಕಿದರು.

ಓಬಯ್ಯ ಬಂದು ತನ್ನ ಊರುಗೋಲನ್ನು ಆ ಗುಡ್ಡೆಗೆ ಚುಚ್ಚಿದ. ಕೋಲು ಹಿಡಿಯವರೆಗೂ ಒಳಗೆ ಹೋಯಿತು.

"ಇದು ಏರಿಯಲ್ಲ. ಹಂದಿ ಕೆದರಿದ ತಿಪ್ಪೆ," ಎಂದ. "ತೆಗೆಯಿರಿ ಎಲ್ಲ."

ಕೇಕೆ ನಿಂತಿತು. ಬಲ್ಲುಗನ ಕೈ ಕತ್ತಿಯ ಹಿಡಿಗೆ ಹೋಯಿತು. ಅವನ ಹಿಂದಿದ್ದ ಸೈನಿಕರೂ ಗುದ್ದಲಿಗಳನ್ನು ಬೇರೆ ರೀತಿ ಹಿಡಿದರು. ಆ ಕಡೆ ಬಿಳಿಗಲ್ಲಿನವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಪದ್ಮಲೆ ಓಡಿ ಬಂದಳು. ಏನು ಹೇಳಬೇಕೆಂದು ತೋಚದೆ ಮರದ ಕಡೆ ನೋಡಿದಳು. ರೇವಯ್ಯನವರು ಬುಟ್ಟಿ ಹೆಣೆಯುತ್ತಲೇ ಇದ್ದರು.

ಅವಳು ಅಲ್ಲೇ ನಿಂತಳು. ಏರಿಯ ಮೇಲೆ ಓಬಯ್ಯನದೇ ಮಾತು.

ಬಲ್ಲುಗ ಆ ಕೋಲನ್ನು ನೋಡಿದ, ತನ್ನವರು ಬೆವರು ಸುರಿಸಿ ಹಾಕಿದ ಮಣ್ಣನ್ನು ನೋಡಿದ. ಮುಂದೆ ಹೋಗಿ ತಾನೇ ಆ ಗುಡ್ಡೆಯ ಮೇಲೆ ಕಾಲಿಟ್ಟ. ಕಾಲು ಹೂತುಹೋಯಿತು.

ಅವನು ಸೊಂಟದ ಪಟ್ಟಿ ಸಡಿಲಿಸಿ, ಕತ್ತಿ ತೆಗೆದು, ಹೊಂಗೆ ಮರದ ಟೊಂಗೆಗೆ ನೇತುಹಾಕಿದ. ಯಾರದೋ ಕೈಯಿಂದ ಗುದ್ದಲಿ ಕಿತ್ತುಕೊಂಡ.

"ಹೇಳು ಓಬಯ್ಯ. ಎಲ್ಲಿ ತಪ್ಪಿತು?"

ಓಬಯ್ಯ ಹಳೆಯ ಏರಿಯ ತುದಿಯನ್ನು ತೋರಿಸಿ ಹೇಳಿದ. "ಹಳೆಯ ಏರಿಗೆ ಮೊದಲು ಮೆಟ್ಟಿಲು ಕೊರೆಯಬೇಕು. ಆಗ ಹೊಸ ಮಣ್ಣು ಕಚ್ಚಿಕೊಳ್ಳುತ್ತದೆ. ಒಂದು ಪದರ ಹಾಕು, ನೀರು ಚಿಮುಕಿಸು, ಎತ್ತು ಓಡಿಸಿ ತುಳಿಸು. ಗಟ್ಟಿಯಾದ ಮೇಲೆ ಇನ್ನೊಂದು ಪದರ. ಆತುರಪಟ್ಟರೆ ನೀರು ಕ್ಷಮಿಸುವುದಿಲ್ಲ."

ಬಲ್ಲುಗ ಸೈನಿಕರ ಕಡೆ ತಿರುಗಿ ಗುಡುಗಿದ. "ಕೇಳಿಸಿತೇನ್ರೋ? ಎಲ್ಲ ತೆಗೆಯಿರಿ! ಕೋಟೆ ಗೆದ್ದವರಿಗೆ ಒಂದು ಏರಿ ಕಟ್ಟಲು ಬರುವುದಿಲ್ಲ ಎಂದು ಈ ಮುದುಕನ ಬಾಯಲ್ಲಿ ಅನ್ನಿಸಿಕೊಳ್ಳುತ್ತೀರಾ?"

ಅಂದಿನಿಂದ ಎರಡೂ ಕಡೆ ಪೈಪೋಟಿ ಹತ್ತಿತು. ಈ ಕಡೆಯವರು ಬೆಳಗ್ಗೆ ಬೇಗ ಬಂದರೆ ಆ ಕಡೆಯವರು ಇನ್ನೂ ಬೇಗ ಬರುತ್ತಿದ್ದರು. ಊಟದ ಹೊತ್ತಿನಲ್ಲಿ ಒಬ್ಬರ ಕಡೆಯ ಏರಿಯನ್ನು ಇನ್ನೊಬ್ಬರು ಹೋಗಿ ತುಳಿದು ನೋಡಿ, ಮೂಗು ಮುರಿದು ಬರುತ್ತಿದ್ದರು. ಒಬ್ಬ ಸೈನಿಕ ತನ್ನ ಊರಿನ ನೇರಳೆ ಹಣ್ಣು ತಂದು ಎತ್ತು ಹೊಡೆಯುವವನಿಗೆ ಕೊಟ್ಟ. "ನಿಮ್ಮ ಎತ್ತು ಚೆನ್ನಾಗಿದೆ, ನಮ್ಮ ಕಡೆಗೂ ಒಂದು ಸಲ ಓಡಿಸು," ಎಂದ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

*

ಮುಂಗಾರು ಆ ವರ್ಷ ಬೇಗ ಬಂತು.

ಏರಿಯ ನಡುವೆ ಇನ್ನೂ ಒಂದು ಬಂಡಿ ಹೋಗುವಷ್ಟು ಜಾಗ ತೆರೆದೇ ಇತ್ತು. ಬೆಳಗ್ಗೆ ಮಲೆಯ ಕಡೆ ಮೋಡ ಕಪ್ಪಾಯಿತು. ಮಧ್ಯಾಹ್ನದ ಹೊತ್ತಿಗೆ ಹಳ್ಳದಲ್ಲಿ ಕೆಂಪು ನೀರು ಸುತ್ತಿ ಸುತ್ತಿ ಕೆರೆಗೆ ಇಳಿಯಿತು.

"ನೀರು ಈ ಸಂದಿಗೆ ಬಂದರೆ ಎರಡೂ ಕಡೆಯ ಕೆಲಸವನ್ನು ಎಳೆದುಕೊಂಡು ಹೋಗುತ್ತದೆ," ಎಂದ ಓಬಯ್ಯ. "ಎಲ್ಲರೂ ಬನ್ನಿ."

ಹೆಂಗಸರು ಬಂದರು, ಮುದುಕರು ಬಂದರು. ಹೊಳೆಯ ಆಚೆಯಿಂದ ನೇರಳಕೋಟೆಯವರು ದೋಣಿ ದೋಣಿಯಲ್ಲಿ ಬಂದರು. ಮಣ್ಣು ತೆಗೆಯುವ ಜಾಗದಿಂದ ಸಂದಿಯವರೆಗೆ ಜನ ಸಾಲಾಗಿ ನಿಂತರು. ಬುಟ್ಟಿ ಕೈಯಿಂದ ಕೈಗೆ ಹೋಯಿತು. ಮಳೆಯಲ್ಲಿ ಯಾರು ಯಾವ ದಡದವರೆಂದು ಗೊತ್ತಾಗುತ್ತಿರಲಿಲ್ಲ.

ಪದ್ಮಲೆ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತಳು. ಪಕ್ಕದಲ್ಲಿ ಬುಟ್ಟಿ ಚಾಚಿದ ಕೈ ಚಿಕ್ಕದಾಗಿತ್ತು. ನೋಡಿದರೆ ದುಗ್ಗಿ.

ಬುಟ್ಟಿ ಜಾರಿ ಪದ್ಮಲೆಯ ಕಾಲ ಮೇಲೆ ಬಿತ್ತು. ಹುಡುಗಿ ಮುಖ ಸಿಂಡರಿಸಿದಳು.

"ನಿಮಗೆ ಬುಟ್ಟಿ ಹಿಡಿಯೋಕೆ ಬರಲ್ಲ. ಸೊಂಟಕ್ಕೆ ಆನಿಸಿಕೊಳ್ಳಿ."

ಪದ್ಮಲೆ ಸೊಂಟಕ್ಕೆ ಆನಿಸಿಕೊಂಡಳು. ಹಗುರವಾಯಿತು.

ಸ್ವಲ್ಪ ಹೊತ್ತಾದ ಮೇಲೆ ದುಗ್ಗಿ ತನ್ನಷ್ಟಕ್ಕೇ ಎಂಬಂತೆ ಹೇಳಿದಳು. "ನಮ್ಮಪ್ಪ ಇದ್ದಿದ್ದರೆ ಇಷ್ಟೊತ್ತಿಗೆ ಮುಗಿಸಿಬಿಡುತ್ತಿದ್ದ."

"ಹೌದು," ಎಂದಳು ಪದ್ಮಲೆ.

ಇಬ್ಬರೂ ಬುಟ್ಟಿ ಸಾಗಿಸುತ್ತಲೇ ಇದ್ದರು.

ನೀರು ಸಂದಿಯ ಬುಡ ಮುಟ್ಟಿತು. ಹಾಕಿದ ಮಣ್ಣೆಲ್ಲ ಕರಗತೊಡಗಿತು. "ಅಡ್ಡ ನಿಲ್ಲಿಸಲು ಏನಾದರೂ ಬೇಕು!" ಎಂದು ಓಬಯ್ಯ ಕೂಗಿದ. "ಹಲಗೆ, ಮರ, ಏನಾದರೂ!"

ಬಲ್ಲುಗ ಒಂದು ಗಳಿಗೆ ನಿಂತ. ಬಿಳಿಗಲ್ಲಿನ ಕೋಟೆಯ ಹೆಬ್ಬಾಗಿಲನ್ನು ಗೆಲುವಿನ ಗುರುತಾಗಿ ತನ್ನ ಊರಿಗೆ ಒಯ್ಯಬೇಕೆಂದು ಅವನು ಬಂಡಿಯ ಮೇಲೆ ಕಟ್ಟಿಸಿ ಇಟ್ಟಿದ್ದ. ಮಗ ಸತ್ತ ಜಾಗದ ಬಾಗಿಲು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ಬಾಗಿಲು ತನ್ನಿರೋ!" ಎಂದು ಕೂಗಿದ.

ಎರಡೂ ಕಡೆಯ ಗಂಡಸರು ಅದನ್ನು ಹೊತ್ತು ತಂದರು. ಸಂದಿಗೆ ಅಡ್ಡವಾಗಿ ಇಳಿಸಿದರು. ನೀರು ಬಡಿದು ಅದು ಅಲುಗಾಡಿತು. ಬಲ್ಲುಗ ಕೆಳಗೆ ಹಾರಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಅವನ ಪಕ್ಕದಲ್ಲಿ ಬಿಳಿಗಲ್ಲಿನ ಮೂವರು ನಾಲ್ವರು ಹಾರಿದರು.

"ಅದು ನಿಮ್ಮ ಗೆಲುವಿನ ಗುರುತಲ್ಲವೇ?" ಮೇಲಿನಿಂದ ಓಬಯ್ಯ ಕೇಳಿದ.

"ಹೋಗಲಿ ಬಿಡು!" ಬಲ್ಲುಗ ಕೆಸರು ಉಗುಳಿದ. "ಬಲ್ಲುಗ ಕಟ್ಟಿದ ಏರಿ ಮೊದಲ ಮಳೆಗೇ ಒಡೆಯಿತು ಎಂದು ಅನ್ನಿಸಿಕೊಳ್ಳಲಾರೆ. ಮಣ್ಣು ಹಾಕು!"

ಮಣ್ಣು ಬಿತ್ತು. ಬಾಗಿಲಿನ ಹಿಂದೆ ಪದರದ ಮೇಲೆ ಪದರ ಏರಿತು, ಅದರೊಂದಿಗೆ ಬೆನ್ನು ಕೊಟ್ಟವರೂ ಮೇಲೇರಿದರು. ಜನ ಅದರ ಮೇಲೆ ನಿಂತು ಕೈ ಕೈ ಹಿಡಿದು ತುಳಿದರು. ಹೊತ್ತು ಇಳಿಯುವ ವೇಳೆಗೆ ನೀರು ಬಾಗಿಲಿನ ಅರ್ಧಕ್ಕೆ ಬಂದು, ದಾರಿ ಸಿಗದೆ, ಹಿಂದೆ ಸರಿದು ಹರಡಿಕೊಂಡಿತು.

ಓಬಯ್ಯ ಏರಿಯ ಮೇಲೆ ಆ ಕಡೆಯಿಂದ ಈ ಕಡೆಗೆ ಒಮ್ಮೆ ನಡೆದ. ಎಲ್ಲೂ ಕಾಲು ಹೂತುಹೋಗಲಿಲ್ಲ.

"ನಿಂತಿತು," ಎಂದ.

ಎರಡು ನಾಡಿನ ಗಂಟಲುಗಳಿಂದಲೂ ಒಂದೇ ಕೇಕೆ ಎದ್ದಿತು.

*

ಕೆರೆ ತುಂಬಿತು. ಕೋಡಿಯ ಮೇಲೆ ತೆಳ್ಳಗೆ ನೀರು ಹರಿಯತೊಡಗಿದ ದಿನ ಪದ್ಮಲೆ ಗುರುವಿನ ಜೊತೆ ಏರಿಯ ಮೇಲೆ ನಡೆದಳು. ಕೆಳಗೆ ಬಿಳಿಗಲ್ಲಿನವರು ಗದ್ದೆಗೆ ನೀರು ಬಿಟ್ಟಿದ್ದರು. ಉಳುವ ಎತ್ತುಗಳಲ್ಲಿ ಕೆಲವು ನೇರಳಕೋಟೆಯವು.

"ಗುರುಗಳೇ, ಕೋಟೆ ಬಿದ್ದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು."

"ಗೊತ್ತು."

"ಇಂದು ಅದಕ್ಕಿಂತ ಹೆಚ್ಚು ಹೆಮ್ಮೆಯಾಗುತ್ತಿದೆ. ಹೆಮ್ಮೆ ಬಿಡಬೇಕು ಎಂದು ಎಲ್ಲ ಗುರುಗಳೂ ಹೇಳುತ್ತಾರಂತೆ. ನೀವು ಒಂದು ಸಲವೂ ಹೇಳಲಿಲ್ಲ."

"ಬಿಟ್ಟಿದ್ದರೆ ಈ ಏರಿಯನ್ನು ಯಾವುದರಿಂದ ಕಟ್ಟುತ್ತಿದ್ದೆ?"

ಅವಳು ನಕ್ಕಳು. ಅಷ್ಟರಲ್ಲಿ ಮುಂದಿನಿಂದ ಜೋರು ದನಿ ಕೇಳಿಸಿತು. ಏರಿಯ ಎರಡು ಭಾಗ ಸೇರಿದ ಜಾಗದಲ್ಲಿ ಬಲ್ಲುಗನೂ ಓಬಯ್ಯನೂ ಎದುರುಬದುರು ನಿಂತು ಕೂಗಾಡುತ್ತಿದ್ದರು. ಸುತ್ತ ಎರಡೂ ಊರಿನ ಜನ ಸೇರಿದ್ದರು.

ಬಲ್ಲುಗ ರಾಣಿಯನ್ನು ಕಂಡು ಓಡಿಬಂದ.

"ತಾಯಿ, ನೀವೇ ನೋಡಿ ಹೇಳಿ! ಈ ಮುದುಕ ನಮ್ಮ ಕಡೆ ಸೊಟ್ಟಗಿದೆ ಎನ್ನುತ್ತಾನೆ. ಅವರ ಕಡೆಯನ್ನು ನೋಡಿ, ಹಾವು ಹರಿದ ಹಾಗಿದೆ!"

"ಹಾವೋ ಹಗ್ಗವೋ, ನಮ್ಮ ಕಡೆ ಒಂದು ಹನಿ ನೀರು ಜಿನುಗಿಲ್ಲ," ಎಂದ ಓಬಯ್ಯ ಹಿಂದಿನಿಂದ. "ಅವರ ಕಡೆ ಬುಡದಲ್ಲಿ ಕೈ ಇಟ್ಟು ನೋಡಿ, ತಣ್ಣಗಿದೆ."

"ಅದು ಬೆಳಗಿನ ಇಬ್ಬನಿ!"

"ಮಧ್ಯಾಹ್ನದಲ್ಲಿ ಎಂಥ ಇಬ್ಬನಿಯಯ್ಯ?"

"ಮುಂದಿನ ವರ್ಷ ನಿಮ್ಮ ಕೋಡಿ ಕಟ್ಟೆಯನ್ನು ನಾವೇ ಕಟ್ಟಿ ತೋರಿಸುತ್ತೇವೆ, ಆಗ ಹೇಳು!"

"ಕಟ್ಟು ನೋಡೋಣ. ಅಷ್ಟರಲ್ಲಿ ನಾವು ನಿಮ್ಮ ಊರಿನಲ್ಲಿ ಒಂದು ಕೆರೆಯನ್ನೇ ತೋಡಿರುತ್ತೇವೆ. ಬಾವಿ ನೀರು ಕುಡಿಯುವ ಜನ!"

ಇಬ್ಬರೂ ತೀರ್ಪಿಗಾಗಿ ಪದ್ಮಲೆಯ ಮುಖ ನೋಡಿದರು. ಅವಳು ಗುರುವಿನ ಮುಖ ನೋಡಿದಳು.

ರೇವಯ್ಯನವರು ಎರಡು ಕಡೆಯ ಏರಿಯನ್ನೂ ಕಣ್ಣು ಕಿರಿದು ಮಾಡಿ ನಿಧಾನವಾಗಿ ನೋಡಿದರು. ಆಮೇಲೆ ಇಬ್ಬರ ಹೆಗಲ ಮೇಲೂ ಕೈ ಇಟ್ಟರು.

"ಈ ಯುದ್ಧವನ್ನು ಮಾತ್ರ ಬೇಗ ಮುಗಿಸಬೇಡಿ."